ಪೂಜೆಗಿಟ್ಟ ಪಾನ

ಇವತ್ತು ಬೆಳಿಗ್ಗೆ ಪಕ್ಕದ ಮನೆಯವರು ನೀರಿನ ನಳದ ನಟ್ಟು ಬಿಗಿಯಲು ಒಂದು ಪಾನ ಇದೆಯೇ ಎಂದು ಕೇಳಿಕೊಂಡು ಬಂದರು. ಪಾನ ಎಂದರೆ ಸ್ಪ್ಯಾನರ್. ನಮ್ಮ ಅಫಜಲಪುರದ ಕಡೆ ಹಾಗೆನ್ನುತ್ತೇವೆ. ಯಾವ ನಂಬರಿನದು ಎಂದು ನಾನು ಕೇಳಲಿಲ್ಲ. ಯಾವಾಗ ವಾಪಸು ತರುತ್ತೀರಿ ಎಂದೂ ಕೇಳಲಿಲ್ಲ. ಟ್ರಂಕಿನ ಮುಚ್ಚಳ ತೆಗೆದು, ಬೇಕಾದ್ದು ತೊಗೊಳ್ಳಿ ಎಂದುಬಿಟ್ಟೆ. ಅವರು ಟ್ರಂಕನ್ನು ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ಅವರದೇನೂ ತಪ್ಪಿಲ್ಲ. ಈ ಓಣಿಯಲ್ಲಿ ನಾನು ಸಂಪಾದಿಸಿದ ಹೆಸರೇ ಅಂಥದು. ಕಿಡ್ನಿ ಬೇಕಾದರೆ ಕೊಟ್ಟಾನು, ಸ್ಕ್ರೂಡ್ರೈವರ್ ಕೊಡುವವನಲ್ಲ ಎಂದು ಮಂದಿ ಆಡಿಕೊಳ್ಳುತ್ತಿದ್ದರು. ನಾನದನ್ನು ಹೊಗಳಿಕೆಯೆಂದೇ ತಿಳಿದಿದ್ದೆ.

ಈಗ ಕೊಡುತ್ತೇನೆ. ಯಾರು ಏನು ಕೇಳಿದರೂ ಕೊಡುತ್ತೇನೆ. ಎರಡು ವರ್ಷದ ಹಿಂದೆ ಇದೇ ಟ್ರಂಕಿನ ಒಂದು ಪಾನವನ್ನು ಕೇಳಿದವನಿಗೆ ಕೊಡದೆ ಕಳಿಸಿದೆ. ಆತ ಅದೇ ದಿನ ಸತ್ತ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಮಾತಿನಲ್ಲಿ ಅಡ್ಡದಾರಿ ಹಿಡಿಯುವ ಮನುಷ್ಯ. ನಡುವೆ ನಿಮ್ಮನ್ನು ಒಂದೆರಡು ಸಲ ನಗಿಸಿದೆನೆಂದರೆ ನೀವು ನನ್ನನ್ನು ಒಳ್ಳೆಯವನೆಂದು ತಿಳಿದುಕೊಳ್ಳುತ್ತೀರಿ.

ನಾನು ಪಶು ಆಸ್ಪತ್ರೆಯಲ್ಲಿ ಕಂಪೌಂಡರ್ ಆಗಿದ್ದವನು. ಎಮ್ಮೆಯ ಬಾಲ ಹಿಡಿದು ನಿಲ್ಲುವುದರಿಂದ ಹಿಡಿದು ಔಷಧ ಕುಡಿಸುವವರೆಗೆ ಎಲ್ಲವನ್ನೂ ಮಾಡಿದ್ದೇನೆ. ಹಳ್ಳಿಯವರಿಗೆ ಸೂಜಿ ಚುಚ್ಚಿದವರೆಲ್ಲ ಡಾಕ್ಟರೇ ಆದ್ದರಿಂದ ನಾನೂ ಡಾಕ್ಟರ್ ಸಾಹೇಬನಾದೆ, ತಿದ್ದುವ ಗೋಜಿಗೆ ಹೋಗಲಿಲ್ಲ. ಆಸ್ಪತ್ರೆಗೆ ಒಂದು ಹಳೆಯ ಜೀಪಿತ್ತು. ನಾಲ್ಕೂ ಗಾಲಿಗೆ ಎಂಜಿನ್ನಿನ ಎಳೆತವಿದ್ದ, ಗಾಜನ್ನು ಮುಂದಕ್ಕೆ ಮಡಚಿ ಬಾನೆಟ್ಟಿನ ಮೇಲೆ ಮಲಗಿಸಬಹುದಾದ ಹಳೇ ಕಾಲದ ಜೀಪು. ಮಳೆಗಾಲದಲ್ಲಿ ನಮ್ಮ ಎರಿಭೂಮಿ ಮಾಡುವ ಕೆಸರು ಸಾಮಾನ್ಯದ್ದಲ್ಲ. ಚಪ್ಪಲಿ ಒಳಗೇ ಉಳಿದು ಬರಿ ಕಾಲು ಮೇಲೆ ಬರುತ್ತದೆ. ಅಂಥ ಕೆಸರಿನಲ್ಲಿ ಆ ಜೀಪು ಕೊಸರಾಡದೆ ದಾಟುತ್ತಿತ್ತು. ಭೀಮೆಯ ದಂಡೆಯ ಊರುಗಳಿಗೆಲ್ಲ ನಾನು ಅದರ ಹಿಂದಿನ ಬೆಂಚಿನ ಮೇಲೆ ಔಷಧದ ಪೆಟ್ಟಿಗೆ ತಬ್ಬಿಕೊಂಡು ಕುಣಿಯುತ್ತ ಹೋಗಿದ್ದೇನೆ. ಕೊನೆಗೊಂದು ದಿನ ಅದು ಕೆಲಸಕ್ಕೆ ಬಾರದ್ದೆಂದು ಹರಾಜಿಗೆ ಬಂದಾಗ ಕೂಗುವ ಮಂದಿ ಹೆಚ್ಚಿರಲಿಲ್ಲ. ನನ್ನ ಕೈ ತಾನಾಗಿಯೇ ಮೇಲಕ್ಕೆ ಹೋಯಿತು. ಮನೆಗೆ ಬಂದು ಹೇಳಿದಾಗ ಹೆಂಡತಿ ಶಾಂತಾ, "ಆಸ್ಪತ್ರಿಯಾಗ ಮುದಿ ಎಮ್ಮಿನೂ ಇದ್ವಲ್ರಿ, ಅವನ್ನ ಯಾಕ ಬಿಟ್ಟು ಬಂದ್ರಿ?" ಎಂದು ಕೇಳಿದಳು.

ಜೀಪನ್ನು ಬೇವಿನ ಮರದ ಕೆಳಗೆ ನಿಲ್ಲಿಸಿ ಬಿಚ್ಚಲು ಹೋದಾಗ ಗೊತ್ತಾಯಿತು, ಅದರ ಒಂದೊಂದು ಕೀಲಿಗೂ ಬೇರೆ ಬೇರೆ ಹತಾರ ಬೇಕು. ಈಗಿನ ಗಾಡಿಗಳ ಪಾನ ಅದಕ್ಕೆ ಕೂಡುವುದಿಲ್ಲ. ಅಲ್ಲಿಂದ ನನ್ನ ಹುಚ್ಚು ಆರಂಭವಾಯಿತು. ಸೋಲಾಪುರದ ಗುಜರಿ ಓಣಿಗಳನ್ನು ಸುತ್ತಿದೆ. ಆಳಂದದ ಸಂತೆಯಲ್ಲಿ ಹಳೇ ಕಬ್ಬಿಣ ಹರಡಿಕೊಂಡು ಕೂತವರ ಮುಂದೆ ಕುಕ್ಕರಗಾಲಿನಲ್ಲಿ ಕೂತು ತಾಸುಗಟ್ಟಲೆ ಕೆದರಿದೆ. ಗಾಲಿಯ ಡ್ರಮ್ಮು ಎಳೆಯುವ ಮೂರು ಕಾಲಿನ ಪುಲ್ಲರು, ಕೂದಲೆಳೆಯಷ್ಟು ಸಂದನ್ನು ಅಳೆಯುವ ಫಿಲ್ಲರ್ ಗೇಜು, ವಾಲ್ವುಗಳನ್ನು ಉಜ್ಜಿ ಕೂಡಿಸುವ ರಬ್ಬರಿನ ಬಟ್ಟಲು ಕಟ್ಟಿದ ಕೋಲು, ಸ್ಟೇರಿಂಗಿನ ಕೀಲು ಬಿಡಿಸುವ ಕವಲುಗಡ್ಡಿ, ಇಂಥವೆಲ್ಲ ಒಂದೊಂದಾಗಿ ಮನೆ ಸೇರಿದವು. ಎಲ್ಲದರ ಮೇಲೂ ನನ್ನ ಹೆಸರಿನ ಮೊದಲಕ್ಷರ ಕೊರೆಸಿದೆ. ಶಾಂತಾಳಿಗೆ ನಾನು ಕೊಡಿಸಿದ ಸೀರೆ ಯಾವ ಬಣ್ಣದ್ದೆಂದು ಕೇಳಿದರೆ ತಡವರಿಸುತ್ತಿದ್ದೆ, ಆದರೆ ಯಾವ ಪಾನ ಯಾವ ಸಂತೆಯಲ್ಲಿ ಸಿಕ್ಕಿತೆಂದು ನಿದ್ದೆಯಲ್ಲೂ ಹೇಳುತ್ತಿದ್ದೆ.

ಈ ಹುಚ್ಚಿನ ಬೇರು ಎಲ್ಲಿದೆಯೆಂದು ನನಗೆ ಗೊತ್ತು. ನಮ್ಮ ಅಪ್ಪ ತಾಲೂಕು ಕಚೇರಿಯ ಮುಂದೆ ಕೂತು ಮಂದಿಗೆ ಅರ್ಜಿ ಬರೆದುಕೊಡುತ್ತಿದ್ದ. ಮಹಾನವಮಿಯ ದಿನ ಖಂಡೆ ಪೂಜೆಗೆ ಓಣಿಯ ಎಲ್ಲ ಮನೆಗಳಲ್ಲೂ ಕುಡುಗೋಲು, ಕೊಡಲಿ, ಕುರುಪಿ, ಬಾಚಿ, ಉಳಿ ಎಲ್ಲವನ್ನೂ ತೊಳೆದು, ಮಣೆಯ ಮೇಲೆ ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಕುಂಕುಮ ಇಟ್ಟು, ಚೆಂಡುಹೂ ಏರಿಸುತ್ತಿದ್ದರು. ನಮ್ಮ ಮನೆಯ ಮಣೆಯ ಮೇಲೆ ಅವ್ವನ ಈಳಿಗೆ, ಕತ್ತರಿ ಬಿಟ್ಟರೆ ಒಂದು ಮಸಿಪೆನ್ನು, ಒಂದು ಸೈಕಲ್ ಪಂಪು. ಮನೆ ಮನೆಗೆ ನೋಡಲು ಬರುವ ಗೆಳೆಯರು ಪಂಪಿಗೆ ಕುಂಕುಮ ಹಚ್ಚಿದ್ದನ್ನು ನೋಡಿ ನಗುತ್ತಿದ್ದರು. ಆ ಮಣೆ ತುಂಬಿಸಬೇಕೆಂಬ ಹಟ ನನಗೆ ಆಗಲೇ ಹುಟ್ಟಿರಬೇಕು.

ಪೂಜೆಗೆ ಇಟ್ಟ ಹತಾರವನ್ನು ಮರುದಿನದ ತನಕ ಎತ್ತಬಾರದು. ಅವೂ ವರ್ಷಕ್ಕೊಂದು ದಿನ ದಣಿವಾರಿಸಿಕೊಳ್ಳಲಿ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಆ ದಿನ ಕಾಯಿಪಲ್ಲೆಯನ್ನೂ ಅವಳು ಕೈಯಲ್ಲೇ ಮುರಿದು ಹಾಕುತ್ತಿದ್ದಳು. ನಾನೋ, ನಾಲ್ಕಕ್ಷರ ಕಲಿತವನು, ಬುದ್ಧಿವಂತ. ಕಾಲೇಜಿಗೆ ಹೋಗುವಾಗ ಬೇಕೆಂತಲೇ ಪೂಜೆಯ ಕತ್ತರಿ ಎತ್ತಿಕೊಂಡು ಎಲ್ಲರ ಮುಂದೆ ಉಗುರು ಕತ್ತರಿಸಿದ್ದೆ. ಅವ್ವ ಅವತ್ತು ಊಟ ಬಿಟ್ಟಳು. ನಂಬಿಕೆಯ ವಿಷಯದಲ್ಲಿ ನಾನು ಎಂಥವನೆಂದು ನಿಮಗೆ ಗೊತ್ತಿರಲಿ ಎಂದು ಇದನ್ನು ಹೇಳಿದೆ.

ನಾನು ಕೊಡದೆ ಉಳಿದದ್ದು ಹಬ್ಬಿನ ಪಾನ, ಅಂದರೆ ಗಾಲಿಯ ನಡುಭಾಗಕ್ಕೆ ಹಾಕುವ ಪಾನ. ಜೀಪಿನ ಮುಂದಿನ ಗಾಲಿಯ ನಟ್ಟನಡುವೆ ಬಾವಿಯಂಥ ಒಂದು ತೂತು, ಅದರ ತಳದಲ್ಲಿ ಅಂಗೈಯಗಲದ ತೆಳ್ಳನೆಯ ನಟ್ಟು. ಇಡೀ ಗಾಲಿಯನ್ನು ಹಿಡಿದಿಟ್ಟಿರುವುದು ಅದೇ. ಅದು ಸಡಿಲವಾದರೆ ಗಾಲಿ ಓಲಾಡುತ್ತದೆ, ಅತಿ ಬಿಗಿಯಾದರೆ ಒಳಗಿನ ಬೇರಿಂಗು ಕಾದು ಸುಟ್ಟುಹೋಗುತ್ತದೆ. ಗಾಲಿ ತಿರುಗದಷ್ಟು ಬಿಗಿದು, ಆಮೇಲೆ ಒಂದಿಷ್ಟೇ ಹಿಂದಕ್ಕೆ ಬಿಡಬೇಕು. ಆ ಒಂದಿಷ್ಟು ಎಷ್ಟೆಂಬುದು ಪಾನ ಹಿಡಿದ ಕೈಗೆ ಗೊತ್ತಾಗುತ್ತದೆ. ಸಾದಾ ಪಾನ ಆ ತಳಕ್ಕೆ ಮುಟ್ಟುವುದಿಲ್ಲ. ಕೊಳವೆಯಂಥ ಪಾನವೇ ಬೇಕು, ಅದು ಎಲ್ಲಿಯೂ ಸಿಗುವುದಿಲ್ಲ. ಜೇವರ್ಗಿಯ ಒಂದು ಲೇಥ್ ಅಂಗಡಿಯಲ್ಲಿ ಎದುರಿಗೆ ನಿಂತು ಮಾಡಿಸಿದೆ. ನಮ್ಮ ಮೂರು ತಾಲೂಕಿನಲ್ಲಿ ಅಂಥ ಪಾನ ನನ್ನ ಹತ್ತಿರ ಒಂದೇ ಇತ್ತು ಎಂದುಕೊಂಡಿದ್ದೇನೆ. ಹಾಗಂದುಕೊಳ್ಳುವುದರಲ್ಲೇ ಅರ್ಧ ಸುಖವಿತ್ತು.

ಅದು ಇಲ್ಲದವರು ಚಾಣ, ಅಂದರೆ ಕಬ್ಬಿಣದ ಉಳಿ, ಇಟ್ಟು ಸುತ್ತಿಗೆಯಿಂದ ಬಡಿಯುತ್ತಾರೆ. ನಟ್ಟಿನ ಮೂಲೆಗೆ ಚಾಣದ ಬಾಯಿ ಕೊಟ್ಟು ಟಣ್ ಟಣ್ ಎಂದು ಹೊಡೆದರೆ ನಟ್ಟು ತಿರುಗುತ್ತದೆ. ಎಷ್ಟು ಬಿಗಿಯಿತೆಂದು ಮಾತ್ರ ಸುತ್ತಿಗೆಗೆ ಗೊತ್ತಾಗುವುದಿಲ್ಲ.

ಮಲ್ಲಣ್ಣ ಹಾಗೆ ಚಾಣದಲ್ಲೇ ಕೆಲಸ ಸಾಗಿಸುವವನು. ಜೇವರ್ಗಿ ತಾಲೂಕಿನ ಕೊಳಕೂರಿನವನು, ನನ್ನ ಜೀಪಿನಂಥದೇ ಜೀಪು ಅವನಲ್ಲೂ ಇತ್ತು. ಅದರಲ್ಲಿ ಗೊಬ್ಬರದ ಚೀಲ, ಮೇವು, ಹೆರಿಗೆಗೆ ಹೊರಟ ಹೆಂಗಸರು, ಮದುವೆಯ ಪಾತ್ರೆ, ಏನು ಬಂದರೂ ಹೇರಿಕೊಂಡು ಓಡಿಸುತ್ತಿದ್ದ. ಅವನ ಸೀಟಿನ ಕೆಳಗೆ ಇದ್ದದ್ದು ಒಂದು ಜಾಕು, ಎರಡು ಪಾನ, ಒಂದು ಚಾಣ, ಒಂದು ಸುತ್ತಿಗೆ. ನನ್ನ ಟ್ರಂಕಿನಲ್ಲಿ ನೂರಾರು ಹತಾರ, ನನ್ನ ಜೀಪು ಮಾತ್ರ ನಾಲ್ಕು ಕಲ್ಲಿನ ಮೇಲೆ ನಿಂತು ವರ್ಷಗಳಾಗಿದ್ದವು. ಅದರ ಹಿಂದಿನ ಬೆಂಚಿನ ಮೇಲೆ ಕೋಳಿ ಮೊಟ್ಟೆ ಇಡುತ್ತಿತ್ತು. ಮಲ್ಲಣ್ಣ ಬಂದಾಗಲೆಲ್ಲ ಅದರ ಸುತ್ತ ಒಂದು ಸುತ್ತು ಹಾಕಿ, "ಸಾಹೇಬ್ರ, ಯಾವಾಗ ಚಾಲೂ ಮಾಡ್ತೀರಿ? ನಿಮ್ಮ ಗಾಡಿ ಮುಂದ, ನಮ್ಮ ಗಾಡಿ ಹಿಂದ ಹಾಕ್ಕೊಂಡು ಅಂದೋಲಾ ಮಠಕ್ಕ ಹೋಗಿ ಬರೋಣ" ಎನ್ನುತ್ತಿದ್ದ. ಕೊಂಕು ಇರಲಿಲ್ಲ, ಅವನ ಮನಸ್ಸಿನ ಮಾತೇ ಅದು. ನನಗೆ ಮಾತ್ರ ಚುಚ್ಚುತ್ತಿತ್ತು.

ಒಂದು ಸಲ ಅವನಿಗೆ ಹಬ್ಬಿನ ಪಾನ ಕೊಟ್ಟಿದ್ದೆ. ಒಲ್ಲದ ಮನಸ್ಸಿನಿಂದಲೇ ಕೊಟ್ಟಿದ್ದೆ. ಯಾಕೆಂದರೆ ಅದಕ್ಕೂ ಮುಂಚೆ ಬೇರೆಯವರಿಗೆ ಕೊಟ್ಟ ಪುಲ್ಲರು ಒಂದು ಕಾಲು ಮುರಿದುಕೊಂಡು ಬಂದಿತ್ತು, ಫಿಲ್ಲರ್ ಗೇಜಿನಲ್ಲಿ ಯಾರೋ ಹಂಚಿಗೆ ಅಂಟಿದ ರೊಟ್ಟಿ ಕೆರೆದಿದ್ದರು. ಮಲ್ಲಣ್ಣ ಎಂಟೇ ದಿನಕ್ಕೆ ತಂದುಕೊಟ್ಟ. ಗ್ರೀಸು ಸವರಿ, ಹಳೆಯ ಬನಿಯನ್ನಿನಲ್ಲಿ ಸುತ್ತಿ, ದಾರ ಕಟ್ಟಿ ತಂದಿದ್ದ. ನಾನು ಕೊಟ್ಟಾಗ ಇದ್ದದ್ದಕ್ಕಿಂತ ಚೊಕ್ಕಟವಾಗಿತ್ತು. ಇದನ್ನೂ ಹೇಳಲೇಬೇಕು, ಯಾಕೆಂದರೆ ಅವನಿಗೆ ಇಲ್ಲವೆನ್ನಲು ನನಗೆ ಯಾವ ನೆವವೂ ಇರಲಿಲ್ಲ.

ಅವತ್ತು ಮಹಾನವಮಿ. ಬೆಳಿಗ್ಗೆಯಿಂದ ಕೂತು ಎಲ್ಲ ಹತಾರಗಳನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಪಡಸಾಲೆಯಲ್ಲಿ ಎರಡು ಮಣೆ ಜೋಡಿಸಿ ಹರಡಿದ್ದೆ. ಪೂಜೆ ಶಾಂತಾಳದು, ಪ್ರದರ್ಶನ ನನ್ನದು. ಅವಳು ವಿಭೂತಿ ಹಚ್ಚಿ ಹೂವೇರಿಸಿ ಒಳಗೆ ಹೋದಳು. ಬಂದವರೆಲ್ಲ ನಿಂತು ನೋಡಿ, ಇದೇನು, ಇದೇನು ಎಂದು ಕೇಳುತ್ತಿದ್ದರು. ನಾನು ವಿವರಿಸುತ್ತಿದ್ದೆ. ಹಬ್ಬಿನ ಪಾನ ಎಲ್ಲಕ್ಕಿಂತ ಎತ್ತರವಾಗಿ ನಡುವೆ ನಿಂತಿತ್ತು. ಆ ಹೊತ್ತಿಗೆ ಹೊರಗೆ ಜೀಪು ನಿಂತ ಸಪ್ಪಳವಾಯಿತು.

ಮಲ್ಲಣ್ಣ ಚಪ್ಪಲಿ ಬಿಟ್ಟು ಒಳಗೆ ಬಂದು ಮಣೆಗೆ ಕೈ ಮುಗಿದ. ಆಮೇಲೆ ನಿಂತೇ ಮಾತಾಡಿದ.

"ಸಾಹೇಬ್ರ, ಮುಂದಿನ ಗಾಲಿ ಭಾಳ ಅಲುಗಾಡಾಕತ್ತದರಿ. ಆಳಂದಕ್ಕ ಹೊಂಟೇನಿ, ಮಗಳನ್ನ ಹಬ್ಬಕ್ಕ ಕರ್ಕೊಂಡು ಬರಾಕ. ಕೂಸು ತೊಗೊಂಡು ಬಸ್ ಸ್ಟ್ಯಾಂಡಿನ್ಯಾಗ ಕುಂದ್ರತೇನಿ ಅಂದಾಳ. ಆ ಪಾನಾ ಒಂದ್ ತಾಸು ಕೊಟ್ರ ಇಲ್ಲೇ ನಿಮ್ಮ ಬಾಗಲದಾಗ ಬಿಗದು, ಕೊಟ್ಟು ಹೋಗ್ತೇನಿ."

ಕೊಳಕೂರಿನಿಂದ ಆಳಂದಕ್ಕೆ ಹೋಗುವವನಿಗೆ ಅಫಜಲಪುರ ಸುತ್ತು ದಾರಿ. ನನ್ನ ಪಾನಕ್ಕಾಗಿಯೇ ಸುತ್ತು ಹಾಕಿಕೊಂಡು ಬಂದಿದ್ದ. ಅದು ನನಗೆ ಆಗಲೇ ಹೊಳೆದಿತ್ತು. ಗಾಲಿ ಓಲಾಡುವುದು ಎಂಥ ಅಪಾಯವೆಂಬುದೂ ಗೊತ್ತಿತ್ತು. ಊರಿಗೆಲ್ಲ ಪಾಠ ಹೇಳುವವನು ನಾನೇ. ಆದರೆ ನನ್ನ ಕಣ್ಣಿಗೆ ಕಂಡದ್ದು ಬೆಳಿಗ್ಗೆಯಿಂದ ತಿಕ್ಕಿ ಬೆಳಗಿದ ಪಾನ, ಅದು ಎದ್ದರೆ ಮಣೆಯ ನಡುವೆ ಉಳಿಯುವ ಖಾಲಿ ಜಾಗ, ಸಂಜೆ ನೋಡಲು ಬರಲಿರುವ ಮಂದಿ. ಜೊತೆಗೆ, ಓಡುವ ಜೀಪಿನ ಧೂಳು ಅವನ ಅಂಗಿಯ ಮೇಲಿತ್ತು. ಅದೂ ಕಂಡಿತು.

"ಪೂಜಿಗೆ ಇಟ್ಟೇವಲ್ಲಪ್ಪ ಮಲ್ಲಣ್ಣ. ಇವತ್ತ ಹ್ಯಾಂಗ ಎತ್ತಾಕ ಬರ್ತದ? ನಾಳಿ ಬಾ, ಬೇಕಾದಷ್ಟು ದಿನಾ ಇಟ್ಕೋ" ಎಂದೆ.

ಅವನು ನಾಲಿಗೆ ಕಚ್ಚಿಕೊಂಡ.

"ಖರೆ ಅದರಿ, ಖರೆ ಅದ. ನಂದೇ ತಪ್ಪಾತು. ಗಡಿಬಿಡಿಯಾಗ ಕೇಳಿಬಿಟ್ಟೆ ನೋಡ್ರಿ. ಪೂಜಿ ಹತಾರಕ್ಕ ಕೈ ಹಚ್ಚಬಾರ್ದು. ಇರ್ಲಿ, ಚಾಣಾ ಅದ, ಹಾದ್ಯಾಗ ಬಡಕೊಂತೇನಿ."

ಚಹಾ ಕುಡಿದು ಹೋಗು ಎಂದೆ. ಮಗಳು ಕಾಯುತ್ತಾಳೆಂದು ಕುಡಿಯಲಿಲ್ಲ. ಹೋಗುವಾಗ ಮತ್ತೊಮ್ಮೆ ಮಣೆಗೆ ಕೈ ಮುಗಿದ. ನಿಧಾನ ಹೋಗು ಎಂದು ಬಾಗಿಲಿನಿಂದ ಕೂಗಿ ಹೇಳಿದೆ, ನನ್ನ ಕರ್ತವ್ಯ ಮುಗಿಯಿತು ಅನ್ನುವಂತೆ.

ಶಾಂತಾ ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಕೈ ಒರೆಸುತ್ತ ಹೊರಗೆ ಬಂದು, "ನೀವು ಯಾವಾಗಿಂದ ದೇವರಿಗೆ ಅಂಜಾಕತ್ರಿ?" ಎಂದು ಕೇಳಿದಳು. ನಾನು ನಕ್ಕೆ. ಅರ್ಧ ತಾಸೂ ಕಳೆದಿರಲಿಲ್ಲ, ಅವಳ ಮಿಕ್ಸರಿನ ಅಡಿಯ ಸ್ಕ್ರೂ ಸಡಿಲವಾಗಿದೆಯೆಂದಾಗ ಮಣೆಯ ಮೇಲಿನ ಸ್ಕ್ರೂಡ್ರೈವರನ್ನೇ ಎತ್ತಿಕೊಂಡು ಹೋದೆ. ಅದಕ್ಕೆ ಹಚ್ಚಿದ್ದ ಕುಂಕುಮವನ್ನು ಪಾಯಜಾಮಕ್ಕೆ ಒರೆಸಿಕೊಂಡೆ. ಏನೂ ಅನ್ನಿಸಲಿಲ್ಲ.

ಆಳಂದದ ರಸ್ತೆಯಲ್ಲಿ ಒಂದು ಇಳಿಜಾರು, ಅದರ ಬುಡದಲ್ಲಿ ಸಣ್ಣ ಸೇತುವೆ. ಮಧ್ಯಾಹ್ನ ಅಲ್ಲಿ ಗಾಲಿ ಕಳಚಿ, ಜೀಪು ಪಕ್ಕದ ತೊಗರಿ ಹೊಲಕ್ಕೆ ಉರುಳಿತು. ಮಲ್ಲಣ್ಣ ಒಬ್ಬನೇ ಇದ್ದ. ಆಸ್ಪತ್ರೆಯ ತನಕವೂ ಹೋಗಲಿಲ್ಲವಂತೆ. ಅತ್ತ ಆಳಂದದ ಬಸ್ ಸ್ಟ್ಯಾಂಡಿನಲ್ಲಿ ಮಗಳು ಸಂಜೆಯವರೆಗೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಬರುವ ಪ್ರತಿ ಜೀಪಿನ ಸಪ್ಪಳಕ್ಕೂ ಎದ್ದು ನಿಂತಳಂತೆ. ನನಗೆ ಸುದ್ದಿ ಮುಟ್ಟಿದ್ದು ಮರುದಿನ, ಬನ್ನಿ ಕೊಡಲು ಬಂದವರಿಂದ. ಅಷ್ಟೊತ್ತಿಗೆ ಹತಾರಗಳನ್ನು ಎತ್ತಬಹುದಾಗಿತ್ತು.

ಹಳೇ ಜೀಪಿನ ವಿಷಯ ಗೊತ್ತಿದ್ದವನೆಂದು ಠಾಣೆಯವರು ನನ್ನನ್ನೇ ಕರೆಸಿದರು. ಠಾಣೆಯ ಬಯಲಿನಲ್ಲಿ ಮುರಿದ ಜೀಪು ಮಲಗಿತ್ತು. ಗಾಲಿಯನ್ನು ಬೇರೆ ಇಟ್ಟಿದ್ದರು. ಬಾಗಿ ನೋಡಿದೆ. ನಟ್ಟಿನ ಆರೂ ಮೂಲೆಗಳು ಚಾಣದ ಪೆಟ್ಟಿಗೆ ಹೊಸದಾಗಿ ಹೊಳೆಯುತ್ತಿದ್ದವು. ಬೇರಿಂಗು ಕಾದು ಕಾದು ಪುಡಿಯಾಗಿತ್ತು, ಅದು ಕೂಡುವ ಉಕ್ಕು ನೀಲಿಗಟ್ಟಿತ್ತು. ಅವನು ಗಟ್ಟಿಯಾಗಿ ಕೂಡಲೆಂದು ಮನಸ್ಸಿಟ್ಟು ಬಡಿದಿದ್ದ. ಮಗಳು, ಮೊಮ್ಮಗು ಕೂಡುವ ಗಾಡಿಯಲ್ಲವೇ. ಹಿಂದಕ್ಕೆ ಬಿಡಬೇಕಾದ ಆ ಒಂದಿಷ್ಟನ್ನು ಚಾಣದಲ್ಲಿ ಹೇಗೆ ಬಿಟ್ಟಾನು?

"ಹಳೀ ಗಾಡಿ. ಮತ್ತೇನ್ ಇರ್ತದ, ಅಲ್ರಿ?" ಎಂದು ಪಂಚನಾಮೆ ಬರೆದುಕೊಳ್ಳುತ್ತಿದ್ದ ಪೊಲೀಸರು ಕೇಳಿದರು.

"ಹೌದ್ರಿ, ಹಳೀ ಗಾಡಿ" ಎಂದೆ. ಸುಳ್ಳೇನಲ್ಲವಲ್ಲ.

ಮಣ್ಣಿಗೆ ಹೋದೆ, ಕೊಳಕೂರಿನಲ್ಲಿ ಎಲ್ಲರ ಜೊತೆ ನಿಂತೆ. ಮಲ್ಲಣ್ಣ ನನ್ನನ್ನು ಬಹಳ ನೆನೆಸುತ್ತಿದ್ದನೆಂದು ಯಾರೋ ಹೇಳಿದರು. ಮನೆಗೆ ಬಂದು ಹಬ್ಬಿನ ಪಾನವನ್ನು ಟ್ರಂಕಿನ ತಳಕ್ಕೆ ಹಾಕಿ ಮುಚ್ಚಿದೆ. ರಾತ್ರಿ ನಿದ್ದೆ ಬರಲಿಲ್ಲವೆಂದು ಬರೆದರೆ ಚೆನ್ನಾಗಿರುತ್ತಿತ್ತು. ಬಂತು. ಬೆಳಿಗ್ಗೆ ಏಳುವುದೇ ಕಷ್ಟವಾಗುತ್ತಿತ್ತು.

ತಿಂಗಳೊಪ್ಪತ್ತಿನ ಮೇಲೆ ಒಂದು ಮಧ್ಯಾಹ್ನ ಮಲ್ಲಣ್ಣನ ಹೆಂಡತಿ ನೀಲಮ್ಮ ಬಸ್ಸಿಳಿದು, ವಿಚಾರಿಸಿಕೊಂಡು ನಮ್ಮ ಮನೆಗೆ ಬಂದಳು. ಕೈಯಲ್ಲೊಂದು ಸಿಮೆಂಟಿನ ಚೀಲ. ಭಾರಕ್ಕೆ ಒಂದು ಕಡೆ ವಾಲಿಕೊಂಡು ನಡೆಯುತ್ತಿದ್ದಳು. ಪಡಸಾಲೆಯಲ್ಲಿ ಇಳಿಸಿದಾಗ ಒಳಗೆ ಕಬ್ಬಿಣದ ಸಪ್ಪಳವಾಯಿತು.

"ಅಣ್ಣಾರ, ಇವು ಅವರವು. ಗಾಡ್ಯಾಗ ಸಿಕ್ಕಿದ್ದು ಠಾಣ್ಯಾಗಿಂದ ಕೊಟ್ರು. ನಮ್ಮ ಮನ್ಯಾಗ ಇವನ್ನ ಹಿಡಿಯಾವ್ರು ಯಾರೂ ಇಲ್ಲ. ಗುಜರಿಯವಗ ಹಾಕಾಕ ಮನಸ ಆಗಲಿಲ್ರಿ. ನಿಮ್ಮ ಹತ್ರ ಇದ್ರ ನಾಕ ಮಂದಿ ಕೈಯಾಗ ಆಡ್ತಾವ."

ನಾಲ್ಕು ಮಂದಿಯ ಕೈಯಲ್ಲಿ! ಅವಳು ಗೋಡೆಗೆ ಒರಗಿ ಕೂತಳು. ಶಾಂತಾ ನೀರು ತಂದುಕೊಟ್ಟು ಅಲ್ಲೇ ಬಾಗಿಲ ಬಳಿ ನಿಂತಳು. ನೀಲಮ್ಮ ಕುಡಿದು, ತಂಬಿಗೆಯನ್ನು ಕೈಯಲ್ಲೇ ಹಿಡಿದುಕೊಂಡು ಮಾತು ತೆಗೆದಳು.

"ಅವತ್ತ ನಿಮ್ಮಲ್ಲಿಂದ ಹೊಂಟ ಮ್ಯಾಲೆ ಅವರು ನನಗ ಫೋನ್ ಮಾಡಿದ್ರು. ಪೂಜಿ ಆಗ್ಯಾದ, ಪಾನಾ ಸಿಗಲಿಲ್ಲ, ಬಡದು ಬಿಗಿತೇನಿ, ತಡಾ ಆಗ್ತದ ಅಂದ್ರು. ನಾ ಬೈದೆ ಅಣ್ಣಾರ. ಹಬ್ಬದ ದಿನಾ ಮಂದಿ ಮನಿಗಿ ಹೋಗಿ ಪೂಜಿಗೆ ಇಟ್ಟಿದ್ದು ಕೇಳ್ತಾರೇನು, ನಾಚಿಕಿ ಬರಂಗಿಲ್ಲೇನು ಅಂದೆ. ಇನ್ನೊಮ್ಮೆ ಹೋಗಿ ಕೈಕಾಲು ಹಿಡದು ಕೇಳ್ರಿ ಅನ್ನಬೇಕಿತ್ತು. ಅನ್ನಲಿಲ್ಲ. ಬೈದದ್ದೇ ಕಡೀ ಮಾತಾತು."

ಸೆರಗಿನಿಂದ ಬಾಯಿ ಒತ್ತಿಕೊಂಡಳು. ಆಮೇಲೆ ನೇರವಾಗಿ ನನ್ನನ್ನು ನೋಡಿದಳು. ಚೀಲ ಕೊಡುವುದು ನೆವ, ಅವಳು ಬಂದದ್ದು ಇದಕ್ಕಾಗಿಯೇ ಎಂದು ಆಗ ತಿಳಿಯಿತು.

"ನೀವು ಓದಿದವರು, ಹೇಳ್ರಿ. ನಾ ಬೈದದ್ದು ತಪ್ಪೇನ್ರಿ? ಇನ್ನೊಮ್ಮೆ ಕೇಳಿದ್ರ ಎತ್ತಿ ಕೊಡಾಕ ಬರ್ತಿತ್ತೇನ್ರಿ?"

ಬರುತ್ತಿತ್ತು. ಇನ್ನೊಮ್ಮೆ ಕೇಳಿದ್ದರೆ ನಾಚಿಕೆಗಾದರೂ ಕೊಡುತ್ತಿದ್ದೆ. ಅವನ ಜೀಪು ಮೂಲೆ ತಿರುಗುವ ಮುಂಚೆ ಕೂಗಿ ಕರೆದಿದ್ದರೂ ಆಗುತ್ತಿತ್ತು. ಇದನ್ನು ಹೇಳಿದರೆ ಅವಳ ಗಂಡ ನಿಯಮಕ್ಕೆ ತಲೆಬಾಗಿ ಹೋದವನಲ್ಲ, ಒಬ್ಬ ಜಿಪುಣನ ಸುಳ್ಳಿಗೆ ಕೈ ಮುಗಿದು ಹೋದವನಾಗುತ್ತಾನೆ. ಹೇಳದಿದ್ದರೆ ಅವಳಿಗೆ ಒಂದಿಷ್ಟು ಸಮಾಧಾನ. ಹೀಗೆ ನಾನು ಅವಳ ಸಮಾಧಾನದ ಬಗ್ಗೆ ಬಹಳ ಯೋಚಿಸಿದೆ. ನನ್ನ ಸಮಾಧಾನವೂ ಅದೇ ಕಡೆ ಇತ್ತು ಎಂಬುದನ್ನು ಮಾತ್ರ ಯೋಚಿಸಲಿಲ್ಲ.

"ಇಲ್ಲ ತಂಗಿ, ಬರಂಗಿಲ್ಲ. ಪೂಜಿ ಆದ ಮ್ಯಾಲೆ ಯಾರಿಗೂ ಎತ್ತಾಕ ಬರಂಗಿಲ್ಲ. ನಿಂದೇನೂ ತಪ್ಪಿಲ್ಲ" ಎಂದೆ.

ನೀಲಮ್ಮ ದೊಡ್ಡ ಉಸಿರು ಬಿಟ್ಟಳು. ಎಷ್ಟೋ ದಿನದಿಂದ ಹಿಡಿದಿಟ್ಟಿದ್ದ ಉಸಿರು. "ಅಷ್ಟ ಸಾಕರಿ ಅಣ್ಣಾರ" ಎಂದು ನನ್ನ ಕಾಲು ಮುಟ್ಟಲು ಬಂದಳು. ಹಿಂದೆ ಸರಿದೆ. ತಲೆಯ ಮೇಲೆ ಸೆರಗು ಎಳೆದುಕೊಂಡು, ಜೇವರ್ಗಿಯ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು. ಬರುವಾಗಿನ ಹಾಗೆ ವಾಲಿಕೊಂಡು ನಡೆಯುತ್ತಿರಲಿಲ್ಲ. ಶಾಂತಾ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಅವತ್ತಿನಿಂದ ಇವತ್ತಿನವರೆಗೆ ಆ ವಿಷಯವಾಗಿ ಒಂದು ಮಾತನ್ನೂ ಅಂದಿಲ್ಲ.

ಇದನ್ನೆಲ್ಲ ಈಗ ನಿಮ್ಮ ಮುಂದೆ ಬಿಚ್ಚಿಟ್ಟೆನಲ್ಲ, ಇವನಿಗೆ ಕೊನೆಗಾದರೂ ಧೈರ್ಯ ಬಂತು ಎಂದುಕೊಂಡಿರಬಹುದು. ಹಾಗೇನಿಲ್ಲ. ನೀಲಮ್ಮನಿಗೆ ಓದಲು ಬರುವುದಿಲ್ಲ. ಬರೆದದ್ದು ಅದಕ್ಕೇ.